ಲಿಸ್ಬನ್ನಿನ ಹಗ್ಗದಲ್ಲಿ ನನ್ನ ಹಳೇ ಸೀರೆ

ನನ್ನ ಮಗಳು ಲವೀನಾ ಹೆಣ್ಣು ಹೆತ್ತಿದ್ದಾಳೆ! ಇವತ್ತು ಬೆಳಿಗ್ಗೆ ತಾಯಿ ಮಗು ಇಬ್ಬರನ್ನೂ ಆಸ್ಪತ್ರೆಯಿಂದ ಮಸ್ಕತ್ತಿನ ವಾದಿ ಅದಾಯ್‌ನ ನಮ್ಮ ಮನೆಗೆ ಕರೆದುಕೊಂಡು ಬಂದೆವು. ನಾನು ಅಜ್ಜಿಯಾದೆ! ಲಿಫ್ಟಿನಲ್ಲಿ ಸಿಕ್ಕಿದ ಗುರುತಿಲ್ಲದ ಮನುಷ್ಯನಿಗೂ ಹೇಳಿ ಕೈಗೆ ಲಡ್ಡು ಕೊಟ್ಟೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆದು ಅಭ್ಯಾಸವಿಲ್ಲ. ಆದರೂ ಇವತ್ತು ಬರೆಯದೆ ಇರಲಾರೆ. ಸಂತೋಷದ ಅಡಿಯಲ್ಲಿ ಇನ್ನೊಂದು ಕೂತಿದೆ, ಅದನ್ನು ಯಾರಿಗೂ ಹೇಳಿಲ್ಲ.

ಯಾರಾದರೂ ಏನೋ ಕಂಡೆ ಎಂದರೆ, ಹೊಟ್ಟೆ ಖಾಲಿ ಇದ್ದರೆ ಹಾಗೆಲ್ಲ ಕಾಣುತ್ತದೆ ಎಂದು ನಗುತ್ತಿದ್ದವಳು ನಾನು. ನೀವೂ ನಗಬಹುದು.

ಊರಿನಲ್ಲಿ ನಮ್ಮ ಮನೆಯಲ್ಲಿ ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕುತ್ತಿರಲಿಲ್ಲ. ಅಜ್ಜಿ ಉಟ್ಟು ಉಟ್ಟು ಮೆತ್ತಗಾದ ಸೀರೆಯ ತುಂಡಿನಲ್ಲಿ ಸುತ್ತುವುದು. ನಾಲ್ಕು ವರ್ಷಗಳ ಹಿಂದೆ ಲವೀನಾ ಐರ್ಲೆಂಡಿನಲ್ಲಿ ಬಸುರಿಯಾಗಿದ್ದಾಗ ನನ್ನ ನೀಲಿ ಚೌಕುಳಿ ಸೀರೆಯನ್ನು ಎರಡಾಗಿ ಹರಿದು, ಒಂದನ್ನು ಮಸ್ಕತ್ತಿನ ಕಪಾಟಿನಲ್ಲೇ ಇಟ್ಟು, ಇನ್ನೊಂದನ್ನು ಹಿಡಿದುಕೊಂಡು ಹೋದೆ. ಹಿಡಿದುಕೊಂಡು ಹೋದ ಆ ತುಂಡಿನಲ್ಲಿ ಒಂದು ಕಡೆ ಕೆಂಪು ನೂಲಿನ ಹೊಲಿಗೆ ಇತ್ತು. ಹಿಂದೊಮ್ಮೆ ಹರಿದಾಗ ನೀಲಿ ನೂಲು ಸಿಗದೆ ನಾನೇ ಹಾಕಿದ್ದು. ಮಗು ಹೆಣ್ಣು. ಅಳಲೇ ಇಲ್ಲ. ಆ ತುಂಡಿನಲ್ಲೇ ಸುತ್ತಿ, ಅಲ್ಲಿಯ ಮಣ್ಣಿಗೇ ಕೊಟ್ಟೆವು.

ಮಗಳಿಗೆ ಆ ಊರು ಬೇಡವಾಯಿತು. ಎಲ್ಲ ಕಟ್ಟಿಕೊಂಡು ಮೂವರೂ ಮಸ್ಕತ್ತಿಗೆ ಹೊರಟೆವು. ಟಿಕೆಟ್ ಅಗ್ಗವೆಂದು ಹಿಡಿದ ಸುತ್ತು ದಾರಿಯಲ್ಲಿ ವಿಮಾನ ಬದಲಿಸಲು ಲಿಸ್ಬನ್ನಿನಲ್ಲಿ ಒಂದು ಹಗಲು ಇತ್ತು. "ಸ್ವಲ್ಪ ಸುತ್ತಾಡುವ ಮಮ್ಮಿ, ಅವಳ ಮನಸ್ಸು ಹಗುರ ಆದೀತು" ಎಂದ ಅಳಿಯ ರೋಶನ್. ಹಗುರ ಎಲ್ಲಿಂದ? ಮೋಡ ಕವಿದಿತ್ತು. ಹಳೇ ಪೇಟೆಯ ಓಣಿಗಳು ನಮ್ಮ ಮಸ್ಕತ್ತಿನ ಮತ್ರಾ ಪೇಟೆಯ ಹಾಗೆಯೇ ಇಕ್ಕಟ್ಟು, ಮೇಲೆ ಕಿಟಕಿಯಿಂದ ಕಿಟಕಿಗೆ ಬಟ್ಟೆ ಒಣಗಿಸುವ ಹಗ್ಗಗಳು. ಅಳಿಯ ಮುಂದೆ, ನಾನು ನಡುವೆ, ಮಗಳು ತಲೆ ತಗ್ಗಿಸಿಕೊಂಡು ಹಿಂದೆ.

ಹಣೆಯ ಮೇಲೆ ಒಂದು ಹನಿ ಬಿತ್ತು. ಮಳೆಯೆಂದು ತಲೆ ಎತ್ತಿದೆ. ಮೇಲಿನ ಹಗ್ಗದಲ್ಲಿ ಒಂದೇ ಒಂದು ಬಟ್ಟೆ. ನೀಲಿ ಚೌಕುಳಿ. ಕೆಂಪು ಹೊಲಿಗೆ. ಆಗ ತಾನೇ ಒಗೆದು ಹಾಕಿದ ಹಾಗೆ ನೀರು ಇಳಿಯುತ್ತಿತ್ತು. ಎರಡೂ ಕಡೆಯ ಕಿಟಕಿಗಳು ಮುಚ್ಚಿದ್ದವು. ನನ್ನ ಹೊಲಿಗೆಯ ಗುರುತು ನನಗೆ ತಪ್ಪುತ್ತದೆಯೇ? ಮಗಳು ನೋಡಿದರೆ ಅಲ್ಲೇ ಕುಸಿದಾಳು ಎಂದು ಅವಳ ಕೈ ಹಿಡಿದು ದರದರ ಎಳೆದುಕೊಂಡು ಆ ಇಳಿಜಾರು ಓಣಿ ಇಳಿದೆ. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಇವತ್ತು ಮಧ್ಯಾಹ್ನ ಕಪಾಟಿನಿಂದ ಉಳಿದ ತುಂಡು ತೆಗೆದು ಮೊಮ್ಮಗಳನ್ನು ಸುತ್ತಿದೆ. "ಮಾಲ್‌ನಲ್ಲಿ ಎಷ್ಟು ಚೆಂದದ್ದು ಸಿಗ್ತದೆ, ನಿಮಗೆ ಈ ಹರಕೇ ಆಗ್ಬೇಕಾ ಮಾರಾಯ್ರೆ?" ಎಂದು ರೋಶನ್ ಗೇಲಿ ಮಾಡಿದ. "ನಿನ್ನ ಹೆಂಡತಿಯನ್ನೂ ಹೀಗೇ ಸುತ್ತಿದ್ದು, ಸುಮ್ನೆ ಕೂತ್ಕೋ" ಎಂದೆ. ಎಲ್ಲರೂ ನಕ್ಕರು. ಲವೀನಾ ನಗಲಿಲ್ಲ.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ನಮಗೆ ಲವೀನಾಳ ತಮ್ಮ ತಂದ ಅಂಜಲ್ ಮೀನಿನ ಸಾರು, ಬಾಳಂತಿಗೆ ಕರಿಮೆಣಸಿನದು. ಮಗು ನನ್ನ ಮಡಿಲಲ್ಲಿ ಮಲಗಿತ್ತು. ಲವೀನಾ ಅದರ ಬಟ್ಟೆಯ ಅಂಚನ್ನು ಬೆರಳಿನಲ್ಲಿ ತಿಕ್ಕಿ ನೋಡಿ, ನನಗೆ ಮಾತ್ರ ಕೇಳುವಂತೆ ಕೇಳಿದಳು:

"ಆವತ್ತು ಹಗ್ಗದ ಮೇಲೆ ಅದು ಒದ್ದೆ ಇತ್ತು, ಅಲ್ವಾ ಮಮ್ಮಿ?"

ಅವಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದೆ. ತಲೆ ತಗ್ಗಿಸಿ ಉಂಡಳು.