ಕೋಳಿಗೆ ಮಾಫಿ ಕೇಳುವ ಕಂಡಕ್ಟರ್

ಮೌಲಾ ಕಾಕಾ ದಿನಾ ಸಂಜೆ ಕೋಳಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಮಾಫಿ ಕೇಳುತ್ತಿದ್ದರು. ಕಿವಿ ಹಿಡಿದುಕೊಂಡು ಅಲ್ಲ, ಅಷ್ಟು ನಾಟಕ ನನ್ನಂಥವರದ್ದು. ಟೋಪಿ ಸರಿ ಮಾಡಿಕೊಂಡು, ಬುಟ್ಟಿಯ ಅಂಚಿಗೆ ಕೈಯಿಟ್ಟು, ತುಂಬಿದ ಬಸ್ಸಿನಲ್ಲಿ ಮುದುಕಿಯೊಬ್ಬಳಿಗೆ ಸೀಟಿಲ್ಲ ಎಂದು ಹೇಳುವ ಧಾಟಿಯಲ್ಲಿ ಹೇಳುತ್ತಿದ್ದರು:

"ಮಾಫ್ ಮಾಡವ್ವಾ. ಇವು ನಿನ್ನ ತತ್ತಿ ಅಲ್ಲ. ನನಗ ಗೊತ್ತದ. ನಿನಗ ಗೊತ್ತಿಲ್ಲ. ಕುಂದ್ರು."

ಒಳಗಿನಿಂದ ಬೀಬಿ ಕಾಕಿಯ ಮಾತು ಬರುತ್ತಿತ್ತು. "ನಿಖಾ ಆದಾಗಿಂದ ನನಗ ಒಂದ ಸಲ ಮಾಫಿ ಕೇಳಿಲ್ಲ ಈ ಮನುಷ್ಯಾ. ಕೋಳಿಗೆ ದಿನಾ ಕೇಳ್ತಾನ."

"ನಿನಗ ಖೋಟಾ ತತ್ತಿ ಇಟ್ಟೀನೇನ ನಾ?" ಎನ್ನುತ್ತಿದ್ದರು ಕಾಕಾ.

ದೇವದುರ್ಗದಲ್ಲಿ ನಮ್ಮ ಮನೆಯ ಬೆನ್ನಿಗೇ ಅವರ ಮನೆ. ನಡುವೆ ಮೊಣಕಾಲೆತ್ತರದ ಕಲ್ಲುಗೋಡೆ. ಜಾಲಹಳ್ಳಿ ರೂಟಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಕೂದಲು ಬೆಳ್ಳಗೆ ಮಾಡಿಕೊಂಡ ಮನುಷ್ಯ. ಬಸ್ಸು ಬಿಟ್ಟ ಮೇಲೆ ಕೋಳಿ ಹಿಡಿದರು. ಆದರೆ ಬಸ್ಸು ಅವರನ್ನು ಬಿಡಲಿಲ್ಲ. ಕೋಳಿಗಳಿಗೆ ಕೊಂಡು ತಂದ ಊರಿನ ಹೆಸರು. ಸಿರವಾರ ತತ್ತಿ ಇಡುತ್ತದೆ, ಕುರ್ಡಿ ಕಾವಿಗೆ ಕೂರುತ್ತದೆ, ಚೀಕಲಪರ್ವಿ ಎಂಬ ಹುಂಜ ಸುಮ್ಮನೆ ಕೂಗುತ್ತದೆ. "ಚೀಕಲಪರ್ವಿ ದಾರಿ ತಪ್ಪಿ ನಿಮ್ಮನಿಗೆ ಬಂದದೇನು ನೋಡಲೇ ಅಮರ್ಯಾ" ಎಂದು ಗೋಡೆಯಾಚೆಯಿಂದ ನನ್ನನ್ನು ಕೇಳಿದರೆ ಹೊಸಬರು ಗಾಬರಿಯಾಗುತ್ತಿದ್ದರು.

ಓಣಿಯಲ್ಲಿ ಕೋಳಿ ಸಾಕಿದವರು ಬೇಕಾದಷ್ಟು. ಕೋಳಿಯನ್ನು ಕಾವಿಗೆ ಕೂರಿಸಿ ಮರಿ ಎಬ್ಬಿಸುವ ಕೈ ಮಾತ್ರ ಕಾಕಾ ಒಬ್ಬರದೇ. ಜನ ತಮ್ಮ ಮನೆಯ ತತ್ತಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಕೊಡುತ್ತಿದ್ದರು. ಎದ್ದ ಮರಿಗಳಲ್ಲಿ ಅರ್ಧ ಅವರಿಗೆ, ಅರ್ಧ ಕಾಕಾಗೆ. ಕೋಳಿಯ ಪಾಲಿಗೆ ಏನೂ ಇಲ್ಲ. ಕಾಕಾನನ್ನು ಕೊರೆಯುತ್ತಿದ್ದದ್ದು ಅದೇ. "ಮೂರು ವಾರ ಹೊಟ್ಟಿ ಕಟ್ಟಿ ಕುಂದ್ರಾಕಿ ಈಕಿ. ಮರಿ ಒಯ್ಯವರು ಅವರು. ನಡುವ ದಲಾಲಿ ನಾನು. ಮಾಫಿ ಕೇಳದ ಏನ್ ಮಾಡ್ಲಿ?"

ಬುಟ್ಟಿಗೆ ತಳದಲ್ಲಿ ಬೂದಿ, ಮೇಲೆ ಭತ್ತದ ಹುಲ್ಲು. ಗುಡುಗಿಗೆ ತತ್ತಿ ಕೆಡುತ್ತವೆಂದು ಎಲ್ಲರೂ ಪಕ್ಕದಲ್ಲೊಂದು ಕಬ್ಬಿಣದ ತುಂಡು ಇಡುತ್ತಾರೆ; ಕಾಕಾ ಇಡುತ್ತಿದ್ದದ್ದು ತಮ್ಮ ಹಳೆಯ ಟಿಕೆಟ್ ಪಂಚ್. ಕಾವಿಗೆ ಕೂತ ಕೋಳಿ ತಾನಾಗಿ ಏಳುವುದಿಲ್ಲ, ಬಿಟ್ಟರೆ ಉಪವಾಸದಲ್ಲೇ ಒಣಗುತ್ತದೆ. ಅದರಲ್ಲೂ ಕುರ್ಡಿಗೆ ಹಟ ಹೆಚ್ಚು, ಬೇರೆಯವರು ಕೈ ಹಾಕಿದರೆ ರಕ್ತ ಬರುವ ಹಾಗೆ ಕುಕ್ಕುತ್ತಿತ್ತು. ಕಾಕಾ ಕೈಯನ್ನೇ ಹಾಕುತ್ತಿರಲಿಲ್ಲ. ಎರಡು ಹೆಜ್ಜೆ ಹಿಂದೆ ನಿಂತು ಕೂಗುತ್ತಿದ್ದರು:

"ಇಳೀರಿ, ಇಳೀರಿ. ನೀರು, ನುಚ್ಚು, ಬಯಲಕಡಿ. ಹತ್ತ ನಿಮಿಷ ಅಷ್ಟ. ಬಿಟ್ಟು ಹೋದ್ರ ನನ್ನ ಕೇಳಬ್ಯಾಡ್ರಿ."

ಕುರ್ಡಿ ಮೈ ಕೊಡವಿಕೊಂಡು ಇಳಿಯುತ್ತಿತ್ತು. ತಿಂದು, ಕುಡಿದು, ಬೂದಿಯಲ್ಲಿ ಹೊರಳಿ ಮುಗಿಸಿದ ಮೇಲೆ ಕಾಕಾ ಬುಟ್ಟಿಯ ಅಂಚಿಗೆ ಬೆರಳಗಂಟಿನಿಂದ ಎರಡು ಏಟು ಹಾಕಿದರೆ ಮತ್ತೆ ಹತ್ತಿ ಕೂರುತ್ತಿತ್ತು. ಒಂದು ಏಟು ನಿಲ್ಲು, ಎರಡು ಏಟು ಹೊರಡು. ಬಸ್ಸಿನ ತಗಡಿಗೆ ಬಡಿದ ರೂಢಿ.

ಇನ್ನು ನನ್ನ ವಿಷಯ. ನಾನು ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಮಾಡುತ್ತೇನೆ, ಮದುವೆಗಳಲ್ಲಿ ಮೈಕು ಹಿಡಿದು ಮಂದಿಯ ಧ್ವನಿ ಕದ್ದು ಆಡುತ್ತೇನೆ. ಎರಡನೆಯದರಲ್ಲೇ ಹೆಸರು ಹೆಚ್ಚು, ಮೊದಲನೆಯದರಲ್ಲಿ ಬೈಗುಳ ಹೆಚ್ಚು. ಫೋನ್ ಮಾಡಿದರೆ ನಮ್ಮವ್ವ ಸಹ "ಯಾರು ಮಾತಾಡಾದು, ಖರೇ ಹೇಳು" ಎನ್ನುತ್ತಾಳೆ. ಮೌಲಾ ಕಾಕಾನ "ಇಳೀರಿ" ನನ್ನ ಮುಖ್ಯ ಐಟಮ್ಮು. ಗೋಡೆಯ ಈಚೆಯಿಂದ ನಾನು ಕೂಗಿದರೆ ಕುರ್ಡಿ ಇಳಿದೇ ಬಿಡುತ್ತಿತ್ತು. ಕಾಕಾ ಓಡಿ ಬಂದು, "ಲೇ ಸುವ್ವರ್, ಈಗ ತಾನ ತಿನಿಸಿ ಕುಂದ್ರಿಸೀನಿ" ಎಂದು ಚಪ್ಪಲಿ ಎತ್ತುತ್ತಿದ್ದರು. ಚಪ್ಪಲಿ ಯಾವತ್ತೂ ಗೋಡೆ ದಾಟಲಿಲ್ಲ.

ತತ್ತಿ ಒಡೆಯುವ ಹೊತ್ತು ಹತ್ತಿರವಾದಾಗ ಒಳಗಿನಿಂದಲೇ ಮರಿಗಳು ಸಣ್ಣಗೆ ಚಿಂವ್ ಎನ್ನುತ್ತವೆ. ಮೇಲೆ ಕೂತ ತಾಯಿ ಗಂಟಲಲ್ಲೇ ಕೊಕ್ ಕೊಕ್ ಎಂದು ಉತ್ತರ ಕೊಡುತ್ತದೆ. ಒಂದು ಸಲ ಕುರ್ಡಿ ಇಳಿದು ನುಚ್ಚು ತಿನ್ನುತ್ತಿದ್ದಾಗ ನಾನು ಬುಟ್ಟಿಗೆ ಬಗ್ಗಿ ಆ ಸದ್ದು ಮಾಡಿದೆ. ತತ್ತಿ ಉತ್ತರ ಕೊಟ್ಟಿತು. ಅಷ್ಟು ಪ್ರಾಮಾಣಿಕ ಪ್ರೇಕ್ಷಕರು ನನಗೆ ಅದುವರೆಗೆ ಸಿಕ್ಕಿರಲಿಲ್ಲ. ದಿನಾ ಹೋಗಿ ಬಗ್ಗಿದೆ.

ಮರಿಗಳು ಎದ್ದವು, ಒಣಗಿದವು, ಕುರ್ಡಿ ಅವುಗಳನ್ನು ಅಂಗಳಕ್ಕೆ ಇಳಿಸಿತು. ಕಾಲಿನಿಂದ ನೆಲ ಕೆದರಿ, ಕಾಳೊಂದನ್ನು ಕೊಕ್ಕಿನಲ್ಲಿ ಎತ್ತಿ, ಕೆಳಗಿಟ್ಟು, ಮತ್ತೆ ಎತ್ತಿ, ಮಕ್ಕಳನ್ನು ಕರೆಯುತ್ತಿತ್ತು. ಗೋಡೆ ದಾಟಿ ಬರುತ್ತಿದ್ದ ನಾನು ಹುಡುಗಾಟಕ್ಕೆ ಕೊಕ್ ಕೊಕ್ ಎಂದೆ. ಅಷ್ಟೂ ಮರಿಗಳು ತಾಯಿಯನ್ನು ಬಿಟ್ಟು, ಬಿದ್ದು ಎದ್ದು ಓಡಿ ಬಂದು, ನನ್ನ ಚಪ್ಪಲಿಯ ಮೇಲೆ ಹತ್ತಿ ಕೂತವು. ನಾನು ಹೊಟ್ಟೆ ಹಿಡಿದು ನಕ್ಕೆ.

ಕಾಕಾ ನಗಲಿಲ್ಲ. "ಅಕಿ ಬಾಯಾಗಿನ ಕಾಳು ನೋಡು" ಎಂದರು.

ಕುರ್ಡಿ ಕಾಳನ್ನು ಇಟ್ಟಿತು. ಎತ್ತಿತು. ಇಟ್ಟಿತು. ಬರುವವರು ಯಾರೂ ಇರಲಿಲ್ಲ.

"ಮಾಫಿ ಕೇಳು ಅಕಿಗೆ."

ನಾನು ಕುಕ್ಕರಗಾಲಲ್ಲಿ ಕೂತು, ಇಲ್ಲದ ಟೋಪಿ ಸರಿ ಮಾಡಿಕೊಂಡು, ಕಾಕಾನ ಧ್ವನಿಯಲ್ಲೇ "ಮಾಫ್ ಮಾಡವ್ವಾ" ಎಂದೆ. ಒಳಗೆ ಬೀಬಿ ಕಾಕಿ ಕಿಸಕ್ಕನೆ ನಕ್ಕಳು.

"ನನ್ನ ಧ್ವನಿಲಿ ಬ್ಯಾಡಲೇ. ಅದು ನಾ ಕೇಳ್ದಂಗಾತು. ನಿಂದರಾಗ ಕೇಳು."

ಬಾಯಿ ತೆರೆದೆ. ಮೊದಲು ನಮ್ಮ ಹೆಡ್ ಮಾಸ್ತರರು ಬಂದರು. ಆಮೇಲೆ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ತೆಲುಗಿನವಳು ಬಂದಳು. ನಾನು ಬರಲಿಲ್ಲ.

"ಆಮ್ಯಾಲ ಕೇಳ್ತೀನಿ ಕಾಕಾ."

"ಆತು. ಇಳಿಯೂದ್ರಾಗ ಕೇಳು" ಎಂದರು, ಬಸ್ಸಿನಲ್ಲಿ ಚಿಲ್ಲರೆ ಬಾಕಿಯಿದ್ದಾಗ ಹೇಳುವ ಹಾಗೆ.

ಆ ಸಂಜೆ ಬೆಳಕು ಕಂದಿದ ಮೇಲೆ ಅವರು ಮರಿಗಳನ್ನು ಒಂದೊಂದಾಗಿ ಅಂಗೈಯಲ್ಲಿ ಮುಚ್ಚಿಕೊಂಡು ಹೋಗಿ ಕುರ್ಡಿಯ ರೆಕ್ಕೆಯ ಕೆಳಗೆ ತೂರಿಸಿದರು. ಒಂದು ವಾರ ನಾನು ಅವರ ಅಂಗಳದ ಹತ್ತಿರ ಬಾಯಿ ಬಿಡಬಾರದೆಂದು ಕಟ್ಟಪ್ಪಣೆಯಾಯಿತು. "ನೀ ಮೂಕ ಆಗು, ಅವು ತಾಯಿ ಮಾತು ಕೇಳ್ಲಿ." ನಾನು ಕೈಸನ್ನೆಯಲ್ಲೇ ಉಪ್ಪು ಕೇಳಿ ಪಡೆದೆ. ವಾರದೊಳಗೆ ಮರಿಗಳು ತಾಯಿಯ ಹಿಂದೆ ಬಿದ್ದವು. ಮಾಫಿ ಅಲ್ಲಿಗೇ ಉಳಿಯಿತು.

ಹೋದ ವರ್ಷ ಬೇಸಿಗೆಗೆ ಮುಂಚೆ ಕಾಕಾನ "ಇಳೀರಿ"ಯಲ್ಲಿ ಏನೋ ಬದಲಾಯಿತು. ಕೊನೆಯ "ರಿ" ಬರುವಾಗ ಧ್ವನಿಯ ಅಂಚು ಹಳೆಯ ಲುಂಗಿಯ ಹಾಗೆ ಹರಿಯುತ್ತಿತ್ತು. ಬೀಬಿ ಕಾಕಿಗೆ ಕೇಳಿಸಲಿಲ್ಲ. ಕಾಕಾಗೂ ಗೊತ್ತಾಗಲಿಲ್ಲ. ಇಡೀ ದೇವದುರ್ಗದಲ್ಲಿ ಅದನ್ನು ಮೊದಲು ಕೇಳಿದ ಕಿವಿ ನನ್ನದು. ಕೇಳಿ ನಾನು ಮಾಡಿದ್ದೇನು? ಗೋಡೆಯ ಈಚೆ ಕೂತು ಆ ಹರಕನ್ನು ಅಭ್ಯಾಸ ಮಾಡಿದೆ.

ಮಾನ್ವಿಯಲ್ಲಿ ಕಾಕಾನ ಮಗಳು ಶಮೀಮಾಳ ಗಂಡನ ಕಡೆಯವರ ಮದುವೆ. ಮೈಕು ನನ್ನ ಕೈಯಲ್ಲಿ, ಕಾಕಾ ಮುಂದಿನ ಸಾಲಿನಲ್ಲಿ. ಬಿರಿಯಾನಿಗೆ ಪಂಕ್ತಿ ಬಿಡುವ ಹೊತ್ತಿಗೆ ನಾನು "ಇಳೀರಿ, ಇಳೀರಿ" ಎಂದೆ, ಹರಕು ಸಮೇತ. ಶಾಮಿಯಾನ ಹಾರಿಹೋಗುವಂತೆ ನಕ್ಕರು. ಕಾಕಾ ಎಲ್ಲರಿಗಿಂತ ಹೆಚ್ಚು ನಕ್ಕು, ಕಣ್ಣೊರೆಸಿಕೊಂಡು, ಕೆಮ್ಮಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವರ ಪಕ್ಕದಲ್ಲೇ ನಾನು. ಅರ್ಧ ದಾರಿಯಲ್ಲಿ ಕೇಳಿದರು:

"ನನ್ನ ಗಂಟಲ ಹಂಗ ಆಗ್ಯಾದೇನಲೇ, ಖರೇನ?"

"ಇಲ್ಲ ಕಾಕಾ. ಮಂದಿ ನಗ್ಲಿ ಅಂತ ಸ್ವಲ್ಪ ಜಾಸ್ತಿ ಮಾಡೀನಿ."

ಕೂದಲೆಳೆಯಷ್ಟೂ ಜಾಸ್ತಿ ಮಾಡಿರಲಿಲ್ಲ. ಆದರೆ ಅವರ ಮುಖದಲ್ಲಿ ಕಂಡ ಸಮಾಧಾನ ನನಗೂ ಹಿತವಾಗಿತ್ತು. "ಹಂಗಾದ್ರ ಆತು. ಬಸ್ಸಿನ ಧೂಳು ಕುಂತಿರ್ಬೇಕು" ಎಂದು ಬೀಡಿಗೆ ಬೆಂಕಿಪೊಟ್ಟಣ ಹುಡುಕಿ, ಬಸ್ಸಿನಲ್ಲಿದ್ದೇವೆಂದು ನೆನಪಾಗಿ, ಮತ್ತೆ ಜೇಬಿಗಿಟ್ಟರು.

ಆ ಗಂಟಲು ತೋರಿಸಲು ಕಾಕಾ ರಾಯಚೂರಿನ ದೊಡ್ಡ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮಳೆಗಾಲ ಬಂದು ಹೋಗಿತ್ತು. ಇಷ್ಟು ತಡ ಯಾಕೆ ಮಾಡಿದಿರಿ ಎಂದು ಡಾಕ್ಟರು ಕೇಳಿದರಂತೆ. ಬೀಬಿ ಕಾಕಿ ಇದನ್ನು ನಮ್ಮವ್ವನಿಗೆ ಹೇಳುತ್ತಿದ್ದಾಗ ನಾನು ಒಳಗೆ ಯಾರದೋ ಫೋನು ಬಿಚ್ಚಿಕೊಂಡು ಕೂತಿದ್ದೆ. ಅದನ್ನು ಮತ್ತೆ ಜೋಡಿಸಲು ಆಗಲಿಲ್ಲ.

ಆಪರೇಷನ್ ಆಯಿತು. ಕಾಕಾ ಮನೆಗೆ ಬಂದರು. ಧ್ವನಿ ಬರಲಿಲ್ಲ, ಬರುವುದೂ ಇಲ್ಲ ಎಂದಿದ್ದರು ಡಾಕ್ಟರು. ಕುತ್ತಿಗೆಗೆ ತೆಳು ಬಟ್ಟೆ ಸುತ್ತಿಕೊಂಡು ಅಂಗಳದಲ್ಲಿ ಕೂರುತ್ತಿದ್ದರು. ಬೇಕು ಬೇಡ ಎಲ್ಲವೂ ಬೆರಳಗಂಟಿನಲ್ಲಿ: ಒಂದು ಏಟು ನಿಲ್ಲು, ಎರಡು ಏಟು ಹೊರಡು.

ಅದೇ ಹೊತ್ತಿಗೆ ಕುರ್ಡಿ ಮತ್ತೆ ಕಾವಿಗೆ ಕೂತಿತು. ಬೀಬಿ ಕಾಕಿ ಸಿರವಾರದ ತತ್ತಿಗಳನ್ನು ಇಟ್ಟಳು. ಕೂತ ಕೋಳಿ ಏಳಲಿಲ್ಲ. ಕಾಕಾ ಎರಡು ಹೆಜ್ಜೆ ಹಿಂದೆ ನಿಂತರು, ತುಟಿ ಅಲ್ಲಾಡಿದವು, ಕುರ್ಡಿ ಅವರನ್ನೇ ನೋಡುತ್ತಾ ಕೂತಿತು. ಕಾಕಿ ಸೆರಗು ಸುತ್ತಿ ಎತ್ತಲು ಹೋದಳು. ಗಲಾಟೆಯಲ್ಲಿ ತತ್ತಿಯೊಂದು ಒಡೆಯಿತು, ಕೈಗೆ ಗಾಯವಾಯಿತು. ಎರಡು ದಿನದಲ್ಲಿ ಕೋಳಿಯ ಜುಟ್ಟು ಬೆಳ್ಳಗಾಗಿ ಜೋತು ಬಿತ್ತು. ಮೂರನೆಯ ದಿನ ಗೋಡೆಯ ಕಲ್ಲಿನ ಮೇಲೆ ಟಕ್ ಟಕ್ ಎಂದು ಸದ್ದಾಯಿತು. ಕಾಕಾ ನಿಂತಿದ್ದರು. ನನ್ನ ಗಂಟಲಿಗೆ ಬೆರಳು ತೋರಿಸಿದರು, ಆಮೇಲೆ ಬುಟ್ಟಿಗೆ.

"ಬ್ಯಾಡ ಕಾಕಾ. ನನ್ನಿಂದ ಆಗಂಗಿಲ್ಲ."

ಅವರು ನನ್ನ ರಟ್ಟೆ ಹಿಡಿದು ಗೋಡೆ ದಾಟಿಸಿದರು. ತಾವು ಕೋಳಿಯ ಮುಂದೆ ನಿಂತರು, ನನ್ನನ್ನು ಬಾಗಿಲ ಮರೆಯಲ್ಲಿ ನಿಲ್ಲಿಸಿದರು. ಅವರ ತುಟಿ ತೆರೆಯಿತು, ನಾನು ಕೂಗಿದೆ. ರೂಢಿಯ ಮೇಲೆ ಬಂದದ್ದು ಮದುವೆ ಮನೆಯ ಧ್ವನಿ, ಹರಕು ಸಮೇತ.

ಕುರ್ಡಿ ಕದಲಲಿಲ್ಲ. ಕಾಕಾ ಬುಟ್ಟಿಗೆ ಒಂದು ಏಟು ಹಾಕಿದರು. ನಿಲ್ಲು. ತಿರುಗಿ ನನ್ನನ್ನು ನೋಡಿದರು.

ಆ ಕೆಲವು ತಿಂಗಳಲ್ಲಿ ಅವರು ತಮ್ಮ ಗಂಟಲು ಹರಿಯುವುದನ್ನು ಬೇಕಾದಷ್ಟು ಕೇಳಿಕೊಂಡಿದ್ದರು. ಬಾಗಿಲ ಮರೆಯಿಂದ ಬಂದದ್ದು ಜಾಸ್ತಿ ಮಾಡಿದ್ದಲ್ಲ, ಇದ್ದದ್ದು ಇದ್ದ ಹಾಗೇ ಎಂದು ಅವರಿಗೆ ತಿಳಿಯಿತೆಂದು ನನಗೆ ತಿಳಿಯಿತು. ಬೈಯಲು ಅವರಲ್ಲಿ ಧ್ವನಿ ಇರಲಿಲ್ಲ. ಇದ್ದ ಒಂದೇ ಒಂದು ನನ್ನ ಹತ್ತಿರ ಇತ್ತು.

ಅವರು ಮತ್ತೆ ಕೋಳಿಯ ಕಡೆ ತಿರುಗಿ ತುಟಿ ತೆರೆದರು. ಈ ಸಲ ನಾನು ಅವರ ಹಳೆಯ ಧ್ವನಿ ತೆಗೆದೆ, ಜಾಲಹಳ್ಳಿ ರೂಟಿನ ತುಂಬಿದ ಧ್ವನಿ. "ಇಳೀರಿ, ಇಳೀರಿ. ನೀರು, ನುಚ್ಚು, ಬಯಲಕಡಿ." ಕುರ್ಡಿ ಎದ್ದಿತು, ತೂರಾಡಿತು, ನೀರಿಗೆ ಕೊಕ್ಕಿಟ್ಟಿತು. ಒಳಗಿನಿಂದ ಬೀಬಿ ಕಾಕಿ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿ ಬಂದಳು. ಗಂಡನ ಮುಖ ನೋಡಿದಳು, ಬಾಗಿಲ ಮರೆಯಲ್ಲಿ ನನ್ನನ್ನು ನೋಡಿದಳು. "ನೀ ಏನಪ್ಪಾ" ಎಂದಷ್ಟೇ ಹೇಳಿ ಒಳಗೆ ಹೋದಳು. ಆ ದಿನ ರೊಟ್ಟಿ ಬಡಿಯುವ ಸದ್ದು ಮತ್ತೆ ಕೇಳಲಿಲ್ಲ.

ಮರಿ ಏಳುವ ತನಕ ದಿನಾ ಹೀಗೇ ನಡೆಯಿತು. ಸಂಜೆಯ ಮಾಫಿಯೂ ನನ್ನ ಪಾಲಿಗೇ ಬಂತು. ಕಾಕಾನ ತುಟಿ, ನನ್ನ ಗಂಟಲು. "ಮಾಫ್ ಮಾಡವ್ವಾ. ನನಗ ಗೊತ್ತದ. ನಿನಗ ಗೊತ್ತಿಲ್ಲ." ಪ್ರತಿ ಸಲ ಹೇಳುವಾಗಲೂ ನನ್ನ ಕಣ್ಣು ಕೋಳಿಯ ಮೇಲಿರುತ್ತಿರಲಿಲ್ಲ.

ಈಗ ಕಾಕಾ ಇಲ್ಲ. ಕುರ್ಡಿ ನಮ್ಮ ಅಂಗಳದಲ್ಲಿದೆ. ಮದುವೆಗಳಲ್ಲಿ "ಇಳೀರಿ ಮಾಡಪಾ" ಎಂದು ಮಂದಿ ಕೂಗಿದರೆ ಮೈಕು ಕೆಟ್ಟಿದೆ ಎನ್ನುತ್ತೇನೆ, ಅದೂ ಮೈಕಿನಲ್ಲೇ.

ಕೊನೆಯ ಸಲ ನೋಡಿದ್ದು ಅವರನ್ನು ಮಾನ್ವಿಗೆ ಒಯ್ದ ದಿನ. ಅಲ್ಲಿಂದ ಆಸ್ಪತ್ರೆಗೆ ಕರೆದೊಯ್ಯಲು ಅಳಿಯನ ಕಾರಿತ್ತು, ನೋಡಿಕೊಳ್ಳಲು ಶಮೀಮಾ ಇದ್ದಳು. ಮರಿಗಳು ಎದ್ದು ನಾಲ್ಕು ದಿನವಾಗಿತ್ತು. ಕಾಕಾ ಬುಟ್ಟಿಯಿಂದ ಟಿಕೆಟ್ ಪಂಚ್ ತೆಗೆದು ಜೇಬಿಗಿಡಲು ಹೋಗಿ, ಏನೋ ಯೋಚಿಸಿ, ಮತ್ತೆ ಹುಲ್ಲಿನಲ್ಲೇ ಇಟ್ಟರು. ಕಾರಿನ ಮುಂದಿನ ಸೀಟಿನಲ್ಲಿ ಕೂತು ಕೈಯನ್ನು ಕಿಟಕಿಯ ಹೊರಗೆ ಬಾಗಿಲ ತಗಡಿನ ಮೇಲೆ ಇಳಿಬಿಟ್ಟರು. ಹಿಂದಿನ ಸೀಟಿನಲ್ಲಿ ಕಾಕಿ, ಮಡಿಲಲ್ಲಿ ಗಂಟು. ಅಳಿಯ ಇಂಜಿನ್ ಚಾಲೂ ಮಾಡಿ ಕನ್ನಡಿ ಸರಿ ಮಾಡಿಕೊಳ್ಳುತ್ತಿದ್ದ.

ನಾನು ಕಿಟಕಿಗೆ ಬಗ್ಗಿದೆ. ಮೊದಲು ಅವರದೇ ಧ್ವನಿ ಬಾಯಿಗೆ ಬಂತು. "ಮಾಫ್" ಎನ್ನುತ್ತಲೇ ಅವರ ಬೆರಳು ತಗಡಿನ ಮೇಲೆ ಒಂದು ಸಲ ಬಡಿಯಿತು. ನಿಲ್ಲು.

ನಿಂತೆ. ಆಮೇಲೆ ಬಂದದ್ದು ತೆಳುವಾದ, ಮೂಗಿನಲ್ಲಿ ಸಿಕ್ಕಿಕೊಂಡ, ಯಾರೂ ನಗದಂಥ ಒಂದು ಧ್ವನಿ. ಅದನ್ನು ಯಾವ ಮೈಕಿನಲ್ಲೂ ನಾನು ಹಾಕಿರಲಿಲ್ಲ.

"ಅವತ್ತು ಬಸ್ಸಿನ್ಯಾಗ ಸುಳ್ಳು ಹೇಳೀನಿ, ಕಾಕಾ. ನನಗ ಗೊತ್ತಿತ್ತು. ನಿಮಗ ಗೊತ್ತಿದ್ದಿಲ್ಲ. ಮಾಫ್ ಮಾಡ್ರಿ."

ಅವರು ನನ್ನ ಕಡೆ ತಿರುಗಲಿಲ್ಲ. ಮುಂದಿನ ದಾರಿಯನ್ನೇ ನೋಡುತ್ತಿದ್ದರು. ಬೆರಳಗಂಟು ಎದ್ದು ತಗಡಿಗೆ ಎರಡು ಏಟು ಹಾಕಿತು.

ಕಾರು ಹೊರಟಿತು. ಆ ಎರಡು ಏಟು ನನಗೋ, ಡ್ರೈವರ್ ಸೀಟಿನಲ್ಲಿದ್ದ ಅಳಿಯನಿಗೋ, ಕೇಳಲು ಆಗಲಿಲ್ಲ.