ಶನಿವಾರದ ಒಪ್ಪೊತ್ತು

ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಅಜ್ಜಂಪುರದ ಬಸ್ಸು ಬಂದು ನಿಂತಿತ್ತು. ನಾನು ದಿನಾ ಪಾಠ ಹೇಳಲು ಹೋಗುವ ಬಸ್ಸು. ಏಳಬೇಕು ಅಂದುಕೊಂಡೆ. ಏಳಲಿಲ್ಲ. ನೋವಿರಲಿಲ್ಲ, ತಲೆ ತಿರುಗಿರಲಿಲ್ಲ. ಸುಮ್ಮನೆ, ಏಳುವುದಾದರೂ ಯಾಕೆ ಅನ್ನಿಸಿತು. "ಬನ್ನಿ ಟೀಚರ್, ನಿಮಗೆ ಇಬ್ಬರ ಸೀಟು ಇಟ್ಟಿದ್ದೀನಿ" ಅಂತ ಕಂಡಕ್ಟರು ಎಂದಿನಂತೆ ಛೇಡಿಸಿದ. ಎಂದಿನಂತೆ ನಗಲು ಆಗಲಿಲ್ಲ. ಬಸ್ಸು ಹೋಯಿತು.

ದಪ್ಪಗಿರುವವರಿಗೆ ಏನು ಬಂದರೂ ದಪ್ಪವೇ ಕಾರಣ. ಮಂಡಿ ಸೋತಿದೆ ಅಂದರು ಎಲ್ಲರೂ. ನಾನೂ ನಂಬಿದೆ. ಬೆಳಗಿನ ಜಾವ ಎಚ್ಚರವಾಗಿ ಸುಮ್ಮಸುಮ್ಮನೆ ಅಳುವುದಕ್ಕೂ ಮಂಡಿಗೂ ಏನು ಸಂಬಂಧ ಅಂತ ಯಾರನ್ನು ಕೇಳುವುದು?

ಅತ್ತೆಯೇ ಮದ್ದು ಹೇಳಿದರು. "ಶನಿವಾರ ಒಪ್ಪೊತ್ತು ಇರ್ತೀನಿ ಅಂತ ಹರಕೆ ಮಾಡ್ಕೊ ಕಣಮ್ಮ. ಮೈಯೂ ಇಳೀತದೆ, ದೇವ್ರೂ ಕೈ ಹಿಡೀತಾನೆ."

ಹಗಲು ಒಂದು ಊಟ, ರಾತ್ರಿ ಏನೂ ಇಲ್ಲ. ಶನಿವಾರಕ್ಕೆ ಸೋಮವಾರ ಸೇರಿತು, ಆಮೇಲೆ ಗುರುವಾರ. ನಮ್ಮ ಕಡೆ ವ್ರತ ಹಿಡಿದವಳಿಗೆ ಉಣ್ಣು ಅಂತ ಯಾರೂ ಬಲವಂತ ಮಾಡುವುದಿಲ್ಲ. ಅದು ನನಗೆ ಅನುಕೂಲವೇ ಆಯಿತು. ಆ ಒಂದು ಊಟವನ್ನೂ ಬಿಡತೊಡಗಿದೆ. ಭಕ್ತಿಯಿಂದಲ್ಲ, ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕಡೂರಿನಲ್ಲಿ ನಾದಿನಿಯ ಮಗಳ ಮದುವೆ. ನನ್ನ ರವಿಕೆ ಸಡಿಲವಾಗಿತ್ತು. ಹೆಂಗಸರೆಲ್ಲ ಮುತ್ತಿಕೊಂಡರು. "ಎಷ್ಟ್ ಚೆನ್ನಾಗಿ ಇಳಿದಿದ್ದೀಯ ಕಣೇ! ಏನ್ ಮಾಡ್ದೆ, ನಮಗೂ ಹೇಳು."

ನಾಳೆ ನಾನು ಇರಬಾರದು ಅಂದುಕೊಳ್ಳುತ್ತಾ ನಿಂತಿದ್ದೆ.

ಆ ಹೊಗಳಿಕೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ತರಗತಿಯಲ್ಲಿ ಕುಸಿದು ಬಿದ್ದ ಮೇಲೆ ಯಜಮಾನರು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಥೈರಾಯ್ಡ್, ಶುಗರ್ ಎಲ್ಲ ನಾರ್ಮಲ್. ಡಾಕ್ಟರು ರಿಪೋರ್ಟ್ ಬದಿಗಿಟ್ಟು, "ಬದುಕೋದೇ ಬೇಡ ಅನ್ನಿಸಿದೆಯಾಮ್ಮ?" ಅಂದರು. ಯಜಮಾನರು ನಕ್ಕುಬಿಟ್ಟರು. "ಅಂಥದ್ದೇನಿಲ್ಲ ಡಾಕ್ಟ್ರೇ, ವ್ರತ ಮಾಡ್ತಾಳೆ ಅಷ್ಟೆ."

"ಅನ್ನಿಸಿದೆ" ಅಂದೆ.

ಡಿಪ್ರೆಶನ್. ದಪ್ಪ ಅನ್ನಿಸಿಕೊಂಡೂ ಅನ್ನಿಸಿಕೊಂಡೂ ಮನಸ್ಸು ಕುಗ್ಗಬಹುದು. ಕುಗ್ಗಿದ ಮನಸ್ಸು ಕೆಲವರಲ್ಲಿ ಮೈ ಹೆಚ್ಚಿಸುತ್ತದೆ, ಕೆಲವರಲ್ಲಿ ಊಟವನ್ನೇ ಬಿಡಿಸುತ್ತದೆ ಎಂದು ಬಿಡಿಸಿ ಹೇಳಿದರು. ಮಾತ್ರೆ ಬರೆದರು. ಉಪವಾಸ ಕೂಡದು. ತೂಕ ಸ್ವಲ್ಪ ಏರಬಹುದು.

ಅತ್ತ ದರಿ, ಇತ್ತ ಪುಲಿ. ಹರಕೆ ಮುರಿದರೆ ಅತ್ತೆ ಏನನ್ನುತ್ತಾರೋ, ಮೈ ಬಂದರೆ ಊರು ಏನನ್ನುತ್ತದೋ. ಮಾತ್ರೆ ನುಂಗಿದ ಹಾಗೆ ಮಾಡಿ ಎಸೆಯುವುದು ಅಂತ ವಾಪಸು ಬರುವಾಗಲೇ ತೀರ್ಮಾನಿಸಿದ್ದೆ.

ಮನೆಯಲ್ಲಿ ಯಜಮಾನರು ಎಲ್ಲ ಹೇಳಿದರು. ಅತ್ತೆ ಎದ್ದರು. ದೇವರ ಕೋಣೆಗೆ ಹೋದರು, ಬಹಳ ಹೊತ್ತಾದ ಮೇಲೆ ಬಂದು ನನ್ನ ಪಕ್ಕ ಕೂತರು. "ಹರಕೆ ಮಾಡ್ಸಿದ್ದು ನಾನು. ಇನ್ಮೇಲೆ ಆ ಒಪ್ಪೊತ್ತು ನಂದು. ಹಂಗಂತ ದೇವ್ರಿಗೆ ಹೇಳ್ಬಂದಿದ್ದೀನಿ. ನೀನು ಉಣ್ಣು, ಮಾತ್ರೆ ನುಂಗು."

ಅವರ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಮಾತ್ರೆ ಎಸೆಯಲು ಮನಸ್ಸಾಗಲಿಲ್ಲ.

ಈಗ ಶಾಲೆಗೆ ಹೋಗುತ್ತಿದ್ದೇನೆ. ಕೆಲವು ಬೆಳಗುಗಳು ಇನ್ನೂ ಭಾರ. ಪೂರ್ತಿ ವಾಸಿಯಾಯಿತು ಅನ್ನಲು ಧೈರ್ಯವಿಲ್ಲ. ತೂಕವಂತೂ ಏರಿದೆ. ಮೊನ್ನೆ ಶನಿವಾರ ರಾತ್ರಿ ಊಟಕ್ಕೆ ಕೂತಿದ್ದಾಗ ಪಕ್ಕದ ಮನೆಯಾಕೆ ಬಂದು, "ಮತ್ತೆ ಊದ್ಕೊಂಡ್ಯಲ್ಲೇ" ಅಂದಳು. ಕೈ ತಟ್ಟೆಯಿಂದ ಹಿಂದೆ ಸರಿಯಿತು. ಅತ್ತೆ ಸೌಟು ಹಿಡಿದು ನನ್ನನ್ನೇ ನೋಡುತ್ತಾ ನಿಂತಿದ್ದರು, ಹಸಿದ ಹೊಟ್ಟೆಯಲ್ಲಿ.

"ಇನ್ನೊಂದ್ ಸೌಟು ಹಾಕಿ ಅತ್ತೆ" ಅಂದೆ.