ಅಥಣಿಯ ಚಪ್ಪಲಿ ಮನೆಯಲ್ಲೊಂದು ಲಾಳ

ನಿಪ್ಪಾಣಿಯಲ್ಲಿ ಬಸ್ಸು ಹತ್ತಿದಾಗ ಬೆಳಗಿನ ಚಳಿಯಲ್ಲೂ ತಂಬಾಕಿನ ಘಾಟು ಮೂಗಿಗೆ ಬಡಿಯುತ್ತಿತ್ತು. ಚಿಕ್ಕೋಡಿಯಲ್ಲಿ ಚಹಾ ಕುಡಿದು ಬಸ್ಸು ಬದಲಿಸಿದೆ. ರಾಯಬಾಗದ ಆಚೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ, ಕೃಷ್ಣೆಯ ಸೇತುವೆ ದಾಟಿ ಅಥಣಿ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು.

ಕಾರ್ಖಾನೆಗಳಲ್ಲಿ ಯಾವ ಕೆಲಸ ಎಲ್ಲಿ ನಡೆಯಬೇಕೆಂದು ಗೆರೆ ಎಳೆಯುವುದು ನನ್ನ ಉದ್ಯೋಗ. ಈ ಸಲ ಕರೆದವರು ಚಪ್ಪಲಿ ಮಾಡುವ ಸುನಂದಾಬಾಯಿ. ಅವರ ಗಂಡ ಭೀಮಪ್ಪ ಮುಂದಿನ ಕೋಣೆಯಲ್ಲಿ ಚಪ್ಪಲಿಯ ತಳದ ಅಟ್ಟೆ ಕತ್ತರಿಸುತ್ತಾರೆ, ಸೊಸೆ ರೇಖಾ ಹಿಂದಿನ ಕೋಣೆಯಲ್ಲಿ ಹೊಲಿಯುತ್ತಾಳೆ. ನಡುವೆ ಅಟ್ಟೆಗಳ ರಾಶಿ. ಎಡಗಾಲಿನದಕ್ಕೆ ಬಲಗಾಲಿನದು ಹೊಂದದ ಜೋಡಿಗಳು ಕೊಲ್ಲಾಪುರದಿಂದ ವಾಪಸ್ ಬರುತ್ತಿದ್ದವು.

"ಇನ್ನೊಮ್ಮಿ ಹಿಂಗಾದ್ರ ನಿಮ್ಮ ಮಾಲು ಬ್ಯಾಡ ಅಂದಾರ್ರಿ ವ್ಯಾಪಾರಿ. ಕೆಲಸ ನಿಂತ್ರ ಮನೀ ಮಂದಿ ಎಲ್ಲಾ ಖಾಲಿ ಕುಂದರೂದ," ಎಂದರು ಸುನಂದಾಬಾಯಿ.

ಚಪ್ಪಲಿ ಒಂದೇ ಕಡೆ ಕೈಯಿಂದ ಕೈಗೆ ಸಾಗಿ ಮುಗಿಯಬೇಕು; ನಮ್ಮ ಕಸುಬಿನಲ್ಲಿ ಇದಕ್ಕೆ ಸೆಲ್ ಎನ್ನುತ್ತೇವೆ. ಮುಂದಿನ ಕೋಣೆಯಲ್ಲಿ ಕುದುರೆ ಲಾಳದ ಆಕಾರಕ್ಕೆ ಮಣೆಗಳನ್ನು ಹಾಕಿಸಿ, ಎಲ್ಲರನ್ನೂ ಒಳಮುಖವಾಗಿ ಕೂರಿಸಿ ಬೀಗಿದೆ. ಕೆಲಸವೇ ನಿಂತುಹೋಯಿತು! ರೇಖಾ ಸೆರಗನ್ನು ಗದ್ದದವರೆಗೆ ಎಳೆದುಕೊಂಡಳು. ಭೀಮಪ್ಪ ಕತ್ತರಿಸುವುದು ಬಿಟ್ಟು ಗೋಡೆ ನೋಡತೊಡಗಿದರು.

"ಮಾವನ ಮುಖಕ್ಕ ಮುಖಾ ಕೊಟ್ಟು ಸೊಸಿ ಹೆಂಗ ಕುಂದರ್ತಾಳ್ರೀ ಸಾಹೇಬ್ರ?" ಸುನಂದಾಬಾಯಿ ನಕ್ಕರು. ನನಗೆ ನಾಚಿಕೆಯಾಯಿತು. ನಾನೂ ಇದೇ ಸೀಮೆಯವನು, ನಮ್ಮ ಮನೆಯಲ್ಲೂ ಇದೇ ರೂಢಿ.

ರೊಟ್ಟಿ, ಝುಣಕ ಉಂಡೆದ್ದು ಮಣೆಗಳನ್ನು ಹೊರಮುಖಕ್ಕೆ ತಿರುಗಿಸಿದೆ. ಈಗ ಮಾವ, ಸೊಸೆ ಬೆನ್ನಿಗೆ ಬೆನ್ನು ಕೊಟ್ಟು ಕೂತರು, ನಡುವೆ ಅಟ್ಟೆ ದಾಟಿಸಲು ಒಂದು ಬುಟ್ಟಿ. ಕೆಲಸ ಸರಾಗವಾಯಿತು. ಸ್ವಲ್ಪ ಹೊತ್ತಿಗೆ ರೇಖಾ ತಿರುಗದೆಯೇ ಮೆಲ್ಲಗೆ ಹೇಳಿದಳು:

"ಮಾವಾರ, ಈ ಬಲಗಾಲಿನ ಅಟ್ಟಿ ಚೂರು ಉದ್ದ ಐತ್ರಿ."

ಎಲ್ಲರ ಕೈಯೂ ನಿಂತಿತು. ಭೀಮಪ್ಪ ಕೈಯನ್ನು ಹಿಂದಕ್ಕೆ ಚಾಚಿದರು. "ಕೊಡವಾ." ಕತ್ತರಿಸಿ ಸರಿಮಾಡಿ, "ಮೊದ್ಲ ಯಾಕ ಹೇಳಲಿಲ್ಲ?" ಎಂದರು.

"ನೀವು ಈ ಕೋಣ್ಯಾಗ ಇರ್ತಿದ್ರಿ, ನಾ ಆ ಕೋಣ್ಯಾಗ."

ಸಂಜೆ ಚಿಕ್ಕೋಡಿ ಬಸ್ಸಿಗೆ ಹೊರಟಾಗ ನನಗೆ ಖುಷಿಯೋ ಖುಷಿ. ಬಾಗಿಲಲ್ಲಿ ನನ್ನ ಚಪ್ಪಲಿ ಮೆಟ್ಟುತ್ತ ಒಳಗೆ ಇಣುಕಿದೆ. ಭೀಮಪ್ಪ ಹೊಸ ಅಟ್ಟೆಯೊಂದನ್ನು ಹೆಗಲ ಮೇಲಿಂದ ಹಿಂದಕ್ಕೆ ಹಿಡಿದಿದ್ದರು.

"ಹೊಲಿಯೂಕಿಂತ ಮೊದ್ಲ ಇದನ್ನೊಂಚೂರು ನೋಡವಾ, ಸರಿ ಐತೇನು?"